ಮೊದಲ ಪ್ಯಾಚ್‌ಗೂ ಮುನ್ನ ಒಂದು ದೂರು

ಹಾವೇರಿ ಪಕ್ಕದ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ರಾಣೆಬೆನ್ನೂರಿನ ಎಸ್‌ಟಿಜೆ ಐಟಿಯಲ್ಲೋ ಕಂಪ್ಯೂಟರ್ ಸೈನ್ಸ್ ಓದುವ, ಬ್ಯಾಡಗಿಯಿಂದಲೋ ಮೋಟೆಬೆನ್ನೂರಿನಿಂದಲೋ ಬಸ್ಸು ಹತ್ತಿ ಬರುವ ವಿದ್ಯಾರ್ಥಿಗೆ ಮುಕ್ತ ತಂತ್ರಾಂಶದ ಬಗ್ಗೆ ಸಿಗುವ ಸಲಹೆ ಹೆಚ್ಚೂಕಮ್ಮಿ ಒಂದೇ. ಗಿಟ್‌ಹಬ್‌ನಲ್ಲಿ ಖಾತೆ ತೆರೆ, ಹೆಸರಾಂತ ಯೋಜನೆಯೊಂದನ್ನು ಹಿಡಿ, ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸಿದ ಕೆಲಸ ಹುಡುಕು, ನಿನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಪುಲ್ ರಿಕ್ವೆಸ್ಟ್ ಕಳಿಸು, ರೆಸ್ಯೂಮೆಯಲ್ಲಿ ಬರೆದುಕೊ. ಸಲಹೆಯಲ್ಲಿ ಸುಳ್ಳೇನಿಲ್ಲ. ಆದರೆ ಇದೇ ಮಾತನ್ನು ಬೆಂಗಳೂರು, ಪುಣೆ, ಹನೋಯ್, ಲಾಗೋಸ್‌ಗಳ ಲಕ್ಷಾಂತರ ವಿದ್ಯಾರ್ಥಿಗಳೂ ಕೇಳಿರುತ್ತಾರೆ. ಸುಲಭದ ಕೆಲಸವೊಂದು ಕಾಣಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಹತ್ತಾರು ಜನ ಮುಗಿಬಿದ್ದಿರುತ್ತಾರೆ. ಆ ಸಾಲಿನ ಬಾಲದಲ್ಲಿ ನಿಲ್ಲುವ ಹಾವೇರಿಯ ಹುಡುಗಿಗೆ ಆ ಯೋಜನೆಯ ಪರಿಚಯವಿಲ್ಲ, ಅದನ್ನು ಅವಳು ದಿನವೂ ಬಳಸುವುದೂ ಇಲ್ಲ. ಅವಳು ನಿಲ್ಲಬೇಕಾದ ಜಾಗ ಬೇರೆಯೇ ಇದೆ ಎಂಬುದು ನನ್ನ ವಾದ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಕನ್ನಡ ಎಡವುವ ಜಾಗಗಳು ಅವಳ ಕಣ್ಣೆದುರೇ ಇವೆ. ಅಂಥದ್ದೊಂದನ್ನು ಹಿಡಿದು ಸರಿಯಾದ ದೂರು ಬರೆಯುವುದು ಮೊದಲ ಕೆಲಸ. ಆ ದೂರನ್ನು ಕಂಪ್ಯೂಟರೇ ಓಡಿಸಿ ನೋಡಬಲ್ಲ ಪರೀಕ್ಷೆಯಾಗಿ ಬರೆಯುವುದು ಎರಡನೆಯದು. ಕೋಡ್ ತಿದ್ದುವುದು, ಅಂದರೆ ಪ್ಯಾಚ್ ಕಳಿಸುವುದು, ಮೂರನೆಯದು.

ದೊಡ್ಡ ಹೆಸರಿನ ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆಗಳಿವೆ. ಡಿಜಿಟಲ್ ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ನಡೆಸುತ್ತ ಬಂದಿರುವ ‘ಹ್ಯಾಕ್‌ಟೋಬರ್‌ಫೆಸ್ಟ್’ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ ಜನ ಯೋಜನೆಯ ಪರಿಚಯ ಬರೆದಿಡುವ ರೀಡ್‌ಮಿ ಫೈಲಿಗೆ ‘ಅದ್ಭುತ ಯೋಜನೆ’ ಎಂಬಂಥ ಎರಡು ಪದ ಸೇರಿಸಿ ಕಳಿಸತೊಡಗಿದರು. ಯೋಜನೆ ನೋಡಿಕೊಳ್ಳುವವರು ರೋಸಿಹೋದರು. ಹಬ್ಬ ಶುರುವಾದ ಮೂರನೇ ದಿನಕ್ಕೇ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಲೆಕ್ಕ ಎಂದು ನಿಯಮ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಯೋಜನೆಗೂ ಇದೇ ಗತಿ: ಗಿಟ್‌ಹಬ್ ಕಲಿಸುವ ವಿಡಿಯೊ ನೋಡಿದ ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ತಮ್ಮ ಹೆಸರನ್ನೇ ಅದರ ರೀಡ್‌ಮಿಗೆ ಸೇರಿಸಿ ಕಳಿಸಿದರು. ಎರಡೂ ಸಲ ಬೊಟ್ಟು ಮಾಡಿ ತೋರಿಸಿದ್ದು ಹೆಚ್ಚಾಗಿ ಭಾರತದ ವಿದ್ಯಾರ್ಥಿಗಳತ್ತ. ಬೈಗುಳ ತಿಂದ ಹುಡುಗರು ಸೋಮಾರಿಗಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಹೇಳಿಕೊಟ್ಟದ್ದನ್ನು ಅವರು ಚಾಚೂ ತಪ್ಪದೆ ಮಾಡಿದ್ದರು. ಕಳಿಸುವುದು ಹೇಗೆಂದು ಕಲಿಸಿದವರು ಏನನ್ನು ಕಳಿಸಬೇಕೆಂದು ಕಲಿಸಿರಲಿಲ್ಲ.

ಏನನ್ನು ಕಳಿಸಬೇಕು ಎಂಬುದಕ್ಕೆ ಉತ್ತರ ಹುಡುಕಲು ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಡಿಟಿಪಿ ಅಂಗಡಿಗೆ ಹೋದರೆ ಸಾಕು. ಮದುವೆ ಕಾರ್ಡು, ಗೃಹಪ್ರವೇಶದ ಆಮಂತ್ರಣ, ದಲಾಲಿ ಅಂಗಡಿಯ ಕ್ಯಾಲೆಂಡರು, ಜಾತ್ರೆಯ ಹ್ಯಾಂಡ್‌ಬಿಲ್ಲು ಎಲ್ಲ ತಯಾರಾಗುವುದು ಅಲ್ಲೇ. ಅಡೋಬಿ ಕಂಪನಿ 2004ರಲ್ಲೇ ಕೈಬಿಟ್ಟ ಪೇಜ್‌ಮೇಕರ್ ಇನ್ನೂ ಎಷ್ಟೋ ಕಡೆ ಉಸಿರಾಡುತ್ತಿದೆ. ಅದರೊಳಗಿನ ಕನ್ನಡ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದೆ. ಇವತ್ತಿನ ನುಡಿ, ಬರಹಗಳಲ್ಲಿ ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತ ಇದೆ, ನಿಜ. ಆದರೆ ಎರಡು ದಶಕಗಳಿಂದ ಪೇರಿಸಿಟ್ಟ ಫೈಲುಗಳು ಹಳೆಯ ಸಂಕೇತದಲ್ಲೇ ಕೂತಿವೆ. ಅವುಗಳಿಂದ ಒಂದು ಸಾಲು ತೆಗೆದು ವಾಟ್ಸಾಪ್‌ಗೆ ಅಂಟಿಸಿದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀರಿರುವ ‘ಎ’, ಬ್ರಿಟನ್ನಿನ ಪೌಂಡಿನ ಚಿಹ್ನೆ, ಇಂಥವೇ ಸಾಲಾಗಿ ಬಂದು ಕೂರುತ್ತವೆ. ಕಾರಣ ಸರಳ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಬಚ್ಚಿಟ್ಟಿವೆ. ಫಾಂಟು ಜೊತೆಗಿಲ್ಲದಿದ್ದರೆ ಮನೆಯ ಮೂಲ ಮಾಲೀಕನೇ ಕಾಣಿಸುತ್ತಾನೆ. ಲೆಕ್ಕವಿಲ್ಲದಷ್ಟು ಕನ್ನಡ ಪುಸ್ತಕ, ಪತ್ರಿಕೆ, ಸ್ಮರಣ ಸಂಚಿಕೆಗಳು ಹೀಗೆ ಹುಡುಕಾಟಕ್ಕೆ ಸಿಗದೆ ಬಿದ್ದಿವೆ.

ಇದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಕನ್ನಡ ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಅವರು ಬರೆದು ಮೂಲ ಕೋಡ್ ಸಮೇತ ಹಂಚಿರುವುದು ಅವುಗಳಲ್ಲೊಂದು. ಇಂಥ ಪರಿವರ್ತಕದ ಒಳಗೆ ಇಣುಕಿದರೆ ವಿಟಿಯು ಎಂಜಿನಿಯರಿಂಗ್ ಸಿಲಬಸ್ಸಿನ ಪಾಠವೊಂದು ಜೀವ ತಳೆದು ನಿಂತಿರುತ್ತದೆ. ಹಳೆಯ ನುಡಿಯಲ್ಲಿ ‘ಯ’ ಎಂಬ ಒಂದು ಅಕ್ಷರ ನಾಲ್ಕು ಸಂಕೇತಗಳ ಜೋಡಣೆ. ಅದರ ಮೊದಲ ಸಂಕೇತ ಇಂಗ್ಲಿಷಿನ ದೊಡ್ಡ ‘ಎ’. ತಮಾಷೆಯೆಂದರೆ ಅನುಸ್ವಾರದ ಸೊನ್ನೆಗೂ ಅದೇ ದೊಡ್ಡ ‘ಎ’. ಹಾಗಾಗಿ ‘ಸಂಯಮ’ ಎಂಬ ಪದದಲ್ಲಿ ಎರಡು ‘ಎ’ಗಳು ಅಕ್ಕಪಕ್ಕ ಬರುತ್ತವೆ, ಮೊದಲನೆಯದು ಸೊನ್ನೆ, ಎರಡನೆಯದು ‘ಯ’ಕಾರದ ಚೂರು. ಪ್ರೋಗ್ರಾಮು ಒಂದೊಂದೇ ಸಂಕೇತ ನೋಡುತ್ತ ಹೋದರೆ ಕೆಡುತ್ತದೆ. ಉದ್ದದ ತುಂಡನ್ನು ಮೊದಲು ಹೊಂದಿಸಿ ನೋಡಿ, ಸಿಗದಿದ್ದರೆ ಗಿಡ್ಡ ತುಂಡಿಗೆ ಇಳಿಯಬೇಕು. ಕಂಪೈಲರ್ ಡಿಸೈನ್ ವಿಷಯದಲ್ಲಿ ಟೋಕನ್ ಗುರುತಿಸಲು ಕಲಿಸುವ ನಿಯಮ ಇದೇ. ಇನ್ನು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ‘ರ’ ಮೊದಲು. ‘ವರ್ಷ’ ಎಂದರೆ ಒಂದು ಅಕ್ಷರ ಹಿಂದೆ ಸರಿದರೆ ಮುಗಿಯಿತು. ‘ಮರ್ತ್ಯ’, ‘ಅರ್ಘ್ಯ’ ಎಂದರೆ ಒತ್ತಕ್ಷರವನ್ನೂ ದಾಟಿ ಅದು ಹಿಂದಕ್ಕೆ ಹೋಗಬೇಕು.

ಇಲ್ಲಿಂದ ವಿದ್ಯಾರ್ಥಿಯ ಕೆಲಸ ಶುರು. ಅಂಗಡಿಯವರನ್ನು ಕೇಳಿ, ಒಪ್ಪಿಗೆಯಿದ್ದರೆ ಮಾತ್ರ, ಜನರ ಹೆಸರು ಫೋನ್ ನಂಬರುಗಳಿಲ್ಲದ ಒಂದೆರಡು ಪುಟ ಹಳೆಯ ಪಠ್ಯ ತರುವುದು. ಪರಿವರ್ತಕದ ಬಾಯಿಗೆ ಕೊಡುವುದು. ಹೊರಬಂದದ್ದನ್ನು ಪದ ಪದ ಓದುವುದು. ತಪ್ಪಾದ ಪದ ಸಿಕ್ಕರೆ ಅದೊಂದನ್ನೇ ಬೇರ್ಪಡಿಸಿ ಮತ್ತೆ ಓಡಿಸುವುದು, ಬೇರೆ ಪದದಲ್ಲೂ ಹಾಗೇ ಆಗುತ್ತದೆಯೇ ನೋಡುವುದು. ಆಮೇಲೆ ಬರೆಯುವುದು: ಕೊಟ್ಟದ್ದು ಇದು, ಬಂದದ್ದು ಇದು, ಬರಬೇಕಾದದ್ದು ಇದು, ಬಳಸಿದ ಆವೃತ್ತಿ ಇದು. ಈ ನಾಲ್ಕು ಸಾಲಿನ ದೂರು ಯೋಜನೆ ನೋಡಿಕೊಳ್ಳುವವರಿಗೆ ಚಿನ್ನ, ಯಾಕೆಂದರೆ ಅವರ ಮೇಜಿನ ಮೇಲೆ ಬ್ಯಾಡಗಿಯ ಹ್ಯಾಂಡ್‌ಬಿಲ್ಲು ಇರುವುದಿಲ್ಲ. ದೂರು ಬರೆದವಳೇ ಮುಂದಿನ ವಾರ ಅದನ್ನು ಪರೀಕ್ಷೆಯ ಕೋಡಾಗಿ ಬರೆಯಬಹುದು. ಪೈಥಾನ್‌ನಲ್ಲಾದರೆ ಒಂದು ಪದಕ್ಕೆ ಎರಡು ಮೂರು ಸಾಲು ಸಾಕು. ತಪ್ಪು ಎಲ್ಲಿದೆಯೆಂದು ಅಷ್ಟು ಹೊತ್ತಿಗೆ ಅವಳಿಗೇ ಕಾಣಿಸತೊಡಗಿರುತ್ತದೆ. ಫೋರ್ಕ್, ಬ್ರಾಂಚ್, ಕಮಿಟ್, ಪುಲ್ ರಿಕ್ವೆಸ್ಟ್ ಎಂಬ ಗಿಟ್‌ನ ಮಂತ್ರಗಳನ್ನು ಕಲಿಯಲು ಒಂದು ಭಾನುವಾರ ಸಾಕು. ಅವನ್ನೇ ದೊಡ್ಡ ವಿದ್ಯೆಯೆಂದು ಮೂರು ದಿನದ ವರ್ಕ್‌ಶಾಪ್ ಮಾಡಿ ಶಾಲು ಹೊದಿಸುವ ಅಗತ್ಯವಿಲ್ಲ.

ಮೊಬೈಲಿನಲ್ಲೇ ನೋಡಬಹುದಾದ ಇನ್ನೊಂದು ಉದಾಹರಣೆ, ವಿದ್ಯಾರ್ಥಿಗಳಿಗೆ ಪ್ರಿಯವಾದದ್ದೇ: ‘ರ‍್ಯಾಂಕ್’. ಇಲ್ಲಿ ‘ರ’ಕ್ಕೆ ಯಕಾರದ ಒತ್ತು ಬೇಕು, ‘ಸೂರ್ಯ’ದಂತೆ ಅರ್ಕಾವತ್ತು ಬರಬಾರದು. ಇದಕ್ಕಾಗಿ ಯೂನಿಕೋಡಿನಲ್ಲಿ ‘ರ’ ಆದ ಕೂಡಲೇ ಝಡ್‌ಡಬ್ಲ್ಯುಜೆ ಎಂಬ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡಬೇಕು. ಆದರೆ ಅದನ್ನು ಹಲಂತಕ್ಕೆ ಮೊದಲು ಇಟ್ಟ ಬರಹಗಳೂ ನಂತರ ಇಟ್ಟ ಬರಹಗಳೂ ಚಲಾವಣೆಯಲ್ಲಿವೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣಬಹುದು, ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಪದ. ಒಂದು ಬಗೆಯಲ್ಲಿ ಹುಡುಕಿದವರಿಗೆ ಇನ್ನೊಂದು ಬಗೆಯಲ್ಲಿ ಬರೆದದ್ದು ಸಿಗದೆ ಹೋಗಬಹುದು. ನಿಮ್ಮ ಕೀಬೋರ್ಡ್ ಯಾವ ಕ್ರಮದಲ್ಲಿ ಬರೆಯುತ್ತದೆ, ಲಿಬ್ರೆ ಆಫೀಸಿನ ಹುಡುಕಾಟ ಎರಡನ್ನೂ ಒಂದೆಂದು ತಿಳಿಯುತ್ತದೆಯೇ, ಯಾವ ಫಾಂಟಿನಲ್ಲಿ ಒತ್ತು ಚದುರುತ್ತದೆ, ಇವೆಲ್ಲ ಪರೀಕ್ಷಿಸಿ ಬರೆಯಬಹುದಾದ ವಿಷಯಗಳು. ಆಂಡ್ರಾಯ್ಡ್ ಫೋನು, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸು ಇವೆಲ್ಲ ಕನ್ನಡದ ಒತ್ತು ಗುಣಿತಗಳನ್ನು ಜೋಡಿಸಲು ನೆಚ್ಚಿಕೊಂಡಿರುವುದು ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶವನ್ನು. ಅಲ್ಲಿ ಒಪ್ಪಿತವಾದ ಒಂದು ತಿದ್ದುಪಡಿ ಕಾಲಕ್ರಮದಲ್ಲಿ ಕೋಟ್ಯಂತರ ಫೋನುಗಳಿಗೆ ಇಳಿಯುತ್ತದೆ. ಹಾಗೆಂದು ಮೊದಲ ದಿನವೇ ಅಲ್ಲಿಗೆ ನುಗ್ಗಬೇಕಿಲ್ಲ. ತಪ್ಪು ಫಾಂಟಿನದೋ ಕೀಬೋರ್ಡಿನದೋ ಜೋಡಣೆಯದೋ ಎಂದು ಬಿಡಿಸಿ ನೋಡುವುದರಲ್ಲೇ ಅರ್ಧ ಎಂಜಿನಿಯರಿಂಗ್ ಇದೆ.

ಭಾಷೆಯ ಕಡೆಯಿಂದ ಮುಕ್ತ ತಂತ್ರಾಂಶಕ್ಕೆ ಬಂದವರು ಅಲ್ಲೇ ಸಣ್ಣ ಕೆಲಸಗಾರರಾಗಿ ಉಳಿಯುತ್ತಾರೆಂಬ ಅನುಮಾನಕ್ಕೆ ನೆರೆಯ ಕೇರಳದಲ್ಲಿ ಉತ್ತರವಿದೆ. 2000ರ ದಶಕದ ಆರಂಭದಲ್ಲಿ, ಇಂದು ಎನ್‌ಐಟಿ ಆಗಿರುವ ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಬೈಜು ಎಂ. ಶುರುಮಾಡಿದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಮಲಯಾಳಂ ಅಕ್ಷರ ಲಿನಕ್ಸಿನಲ್ಲಿ ಸರಿಯಾಗಿ ಮೂಡಬೇಕೆಂಬ ತಕರಾರಿನಿಂದ ಹೊರಟಿತು. ಅದು ಫಾಂಟುಗಳನ್ನು ಕಟ್ಟಿತು, ಯೂನಿಕೋಡಿನ ನಿರ್ಧಾರಗಳ ಜೊತೆ ಬಹಿರಂಗವಾಗಿ ಜಗಳಾಡಿತು, ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಮಾರ್ಗದರ್ಶಕ ಸಂಸ್ಥೆಯಾಯಿತು. ಅದರೊಳಗೆ ಬೆಳೆದವರು ಇತರ ಭಾರತೀಯ ಭಾಷೆಗಳಿಗೂ ಸಾಧನ ಮಾಡಿಕೊಟ್ಟರು. ಕನ್ನಡದಲ್ಲೂ ಇಂಥ ಹೆಜ್ಜೆಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ ಮುಕ್ತ ಪರವಾನಗಿಯಲ್ಲಿ ಹೊರಬಂತು. ಅದರ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಹೊಸ ಸಾಧನ ಕಟ್ಟಬಹುದು. ಕಾಲೇಜು ಪ್ರಾಜೆಕ್ಟಿಗೆಂದು ಪ್ರತಿ ವರ್ಷ ಮತ್ತೊಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬರೆಯುವ ತಂಡಗಳಿಗೆ ಕಚ್ಚಾವಸ್ತು ಇದಕ್ಕಿಂತ ಬೇಕೆ?

ಕೋಡ್ ಕಂಡರೆ ಹಿಂಜರಿಯುವವರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಅದರಲ್ಲಿ ಪ್ರತಿ ಊರಿಗೂ ಕನ್ನಡದ ಹೆಸರು ಬರೆಯಲು ಪ್ರತ್ಯೇಕ ಜಾಗವಿದೆ. ಇಂಗ್ಲಿಷ್ ಅಕ್ಷರದಲ್ಲಿ ದ–ಡ, ಲ–ಳ ಭೇದ ಅಳಿಸಿಹೋಗುವುದರಿಂದ ಯಂತ್ರ ಊಹಿಸಿ ಬರೆದ ಹೆಸರು ಎಡವುವ ಸಂಭವ ಹೆಚ್ಚು. ಹಲಗೇರಿ, ಕದರಮಂಡಲಗಿ, ಹೊಸರಿತ್ತಿಯಂಥ ಹೆಸರುಗಳನ್ನು ಸರಿಯಾಗಿ ಬರೆಯಬಲ್ಲವರು ಆ ಊರುಗಳ ಬಸ್ಸಿನ ಬೋರ್ಡು ಓದಿ ಬೆಳೆದವರು. ಒಂದೇ ಎಚ್ಚರ: ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವಂತಿಲ್ಲ, ಪರವಾನಗಿ ಅದಕ್ಕೆ ಒಪ್ಪುವುದಿಲ್ಲ. ಪರವಾನಗಿಯೆಂಬುದು ಗೋಡೆಗೆ ತೂಗುಹಾಕುವ ಕಾಗದವಲ್ಲ ಎಂಬ ಪಾಠ ಇಲ್ಲಿಂದಲೇ ಶುರುವಾದರೆ ಒಳ್ಳೆಯದು.

ಈಗ ಆಕ್ಷೇಪಣೆಗಳಿಗೆ ಬರೋಣ. ಮನೆಯವರು ಕೇಳುವ ಮೊದಲ ಪ್ರಶ್ನೆ, ಇದರಿಂದ ಕೆಲಸ ಸಿಗುತ್ತದೆಯೇ ಎಂಬುದು. ನೇರ ಉತ್ತರ: ಖಾತ್ರಿಯಿಲ್ಲ. ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಿದವರೆಲ್ಲ ಕಂಪನಿ ಸೇರಿದ್ದಾರೆಂದು ಹೇಳುವವರನ್ನು ನಂಬಬೇಡಿ. ಆದರೆ ಹೋಲಿಕೆ ಯಾವುದರ ಜೊತೆ ಎಂದು ಕೇಳಬೇಕು. ಕೋರ್ಸ್ ಮುಗಿಸಿದ ಪ್ರಮಾಣಪತ್ರ ಸಾವಿರಾರು ಜನರ ಬಳಿ ಒಂದೇ ಥರ ಇರುತ್ತದೆ. ತಪ್ಪು ಹುಡುಕಿದ್ದು, ಅದರ ಮೇಲೆ ಅಪರಿಚಿತರ ಜೊತೆ ವಾದಿಸಿದ್ದು, ತನ್ನ ಊಹೆ ಸುಳ್ಳಾದಾಗ ಒಪ್ಪಿ ಮತ್ತೆ ಬರೆದದ್ದು, ಇವೆಲ್ಲ ತಾರೀಖು ಸಮೇತ ಎಲ್ಲರೂ ನೋಡುವಂತೆ ಉಳಿಯುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಚೀಲದ ಬಾಯಿ ಬಿಚ್ಚಿ ಬಣ್ಣ ನೋಡಿ ದರ ಕಟ್ಟುವ ಖರೀದಿದಾರನಂತೆ, ಸಂದರ್ಶನ ಮಾಡುವವರಿಗೂ ಸರಕನ್ನೇ ನೋಡುವ ಅವಕಾಶ ಸಿಗುತ್ತದೆ. ಅವರು ನೋಡದೆಯೂ ಇರಬಹುದು, ಅದು ಬೇರೆ ಮಾತು. ಹಣವೇ ಮುಖ್ಯವಾದವರಿಗೂ ದಾರಿಗಳಿವೆ: 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್, ಗ್ನೋಮ್ ಯೋಜನೆಯಲ್ಲಿ ಮಹಿಳೆಯರಿಗಾಗಿ ಹುಟ್ಟಿ ಬೆಳೆದ ಔಟ್‌ರೀಚಿ, ಎರಡೂ ಭತ್ಯೆ ಕೊಡುತ್ತವೆ. ಅರ್ಜಿ ಹಾಕುವಾಗ ಅಲ್ಲೂ ಕೇಳುವುದು ಹಿಂದೆ ಏನು ಮಾಡಿದ್ದೀರಿ ಎಂದೇ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಕೋಟಿಗಟ್ಟಲೆ ಗಳಿಸುವ ಕಂಪನಿಗಳು ಬಳಸುವ ತಂತ್ರಾಂಶಕ್ಕೆ ಹಾವೇರಿಯ ರೈತರ ಮಕ್ಕಳು ಪುಕ್ಕಟೆ ದುಡಿಯಬೇಕೆ? ಈ ಮಾತಿನಲ್ಲಿ ಅರ್ಧ ನಿಜವಿದೆ. ಲಿನಕ್ಸ್ ಕರ್ನಲ್‌ಗೆ ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಸಂಬಳ ಪಡೆಯುವವರೇ. ಅಂಥ ಕಡೆ ಪುಕ್ಕಟೆ ಸೇವೆಗೆ ಹಾತೊರೆಯುವ ಅಗತ್ಯ ಕಾಣೆ. ಉಳಿದ ಎಷ್ಟೋ ಯೋಜನೆಗಳು ಒಬ್ಬಿಬ್ಬರ ಬಿಡುವಿನ ವೇಳೆಯ ಮೇಲೆ ನಿಂತಿವೆ. 2024ರ ಮಾರ್ಚ್ ಕೊನೆಗೆ ಬಯಲಾದ ಎಕ್ಸ್‌ಝಡ್ ಪ್ರಕರಣ ನೆನಪಿಸಿಕೊಳ್ಳಿ. ಫೈಲು ಕುಗ್ಗಿಸುವ ಆ ಸಾಧನವನ್ನು ದಣಿದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಅದರಲ್ಲಿ ಹಿಂಬಾಗಿಲು ಇಟ್ಟರು. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್: ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ, ಯಾಕೆ ಎಂದು ಅವರು ಬೆನ್ನು ಹತ್ತಿದರು. ಬಳಸುವಾಗ ಕಂಡ ಸಣ್ಣ ವ್ಯತ್ಯಾಸವನ್ನು ಸುಮ್ಮನೆ ಬಿಡದ ಈ ಗುಣವೇ ನಾನು ಹೇಳುತ್ತಿರುವ ದೂರಿನ ಗುಣ. ಇದೇ ಪ್ರಕರಣದಿಂದಾಗಿ ಹೊಸಬರನ್ನು ಈಗ ಅನುಮಾನದಿಂದ ನೋಡುವುದೂ ಹೆಚ್ಚಿದೆ. ಮೊದಲ ಪ್ಯಾಚ್‌ಗೆ ವಾರಗಟ್ಟಲೆ ಉತ್ತರ ಬರದಿದ್ದರೆ ಅವಮಾನವೆಂದುಕೊಳ್ಳಬೇಕಿಲ್ಲ. ಕನ್ನಡದ ಸಾಧನಗಳ ಮಟ್ಟಿಗಂತೂ ಪುಕ್ಕಟೆಯ ಪ್ರಶ್ನೆ ತಿರುವುಮುರುವು: ಅವು ಸರಿಹೋದರೆ ಲಾಭ ಮೊದಲು ಮುಟ್ಟುವುದು ನಮಗೇ, ನಾವು ಬಿಟ್ಟರೆ ಬೇರೆ ಯಾರೂ ಬಂದು ಸರಿಮಾಡುವುದಿಲ್ಲ.

ಇಂಗ್ಲಿಷ್ ಬರುವುದಿಲ್ಲವೆಂಬ ಅಂಜಿಕೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಸಹಜ. ದೂರಿನ ನಾಲ್ಕು ಸಾಲಿಗೆ ಬೇಕಾದ ಇಂಗ್ಲಿಷ್ ಪ್ರಯೋಗಾಲಯದ ರೆಕಾರ್ಡ್ ಬುಕ್ಕಿನಲ್ಲಿ ಬರೆಯುವಷ್ಟೇ. ಜೊತೆಗೆ ಸ್ಕ್ರೀನ್‌ಶಾಟ್ ಇಟ್ಟರೆ ಅದೂ ಕಡಿಮೆಯಾಗುತ್ತದೆ. ಕನ್ನಡ ಬಲ್ಲವರೇ ನಡೆಸುವ ಯೋಜನೆಗಳಲ್ಲಿ ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಇನ್ನು, ಎಲ್ಲವನ್ನೂ ಎಐ ಬರೆಯುವಾಗ ವಿದ್ಯಾರ್ಥಿಯ ಕೋಡ್ ಯಾರಿಗೆ ಬೇಕು ಎಂಬ ಮಾತು. ಕರ್ಲ್ ಎಂಬ ಜಗತ್ಪ್ರಸಿದ್ಧ ಸಾಧನದ ಕರ್ತೃ ಡೇನಿಯಲ್ ಸ್ಟೆನ್‌ಬರ್ಗ್ 2024ರ ಆರಂಭದಿಂದಲೇ, ಎಐ ಹೊಸೆದ ಸುಳ್ಳು ಭದ್ರತಾ ವರದಿಗಳನ್ನು ಓದಿ ಓದಿ ಸಾಕಾಗಿದೆಯೆಂದು ಬಹಿರಂಗವಾಗಿ ಹೇಳುತ್ತ ಬಂದಿದ್ದಾರೆ. ಪುಟಗಟ್ಟಲೆ ಬರೆಯುವುದು ಅಗ್ಗವಾಗಿದೆ. ಓಡಿಸಿ ನೋಡಿ, ಕಣ್ಣಾರೆ ಕಂಡು, ಇದು ನಿಜವಾಗಿಯೂ ತಪ್ಪು ಎಂದು ಹೇಳುವವರು ವಿರಳವಾಗಿದ್ದಾರೆ. ‘ಅರ್ಘ್ಯ’ ಸರಿಯಾಗಿ ಮೂಡಿದೆಯೋ ಇಲ್ಲವೋ ಎಂದು ತೆರೆ ನೋಡಿ ಹೇಳಲು ಕನ್ನಡ ಓದಬಲ್ಲ ಮನುಷ್ಯ ಬೇಕು. ಎಐ ನೆರವು ಪಡೆದರೆ ತಪ್ಪಿಲ್ಲ, ಪಡೆದದ್ದನ್ನು ಹೇಳಬೇಕು, ತನಗೇ ಅರ್ಥವಾಗದ ಸಾಲನ್ನು ಕಳಿಸಬಾರದು.

ಹಾಗಾದರೆ ಕಾಲೇಜುಗಳೇ ಇದನ್ನು ಕಡ್ಡಾಯ ಮಾಡಿ ಅಂಕ ಕೊಟ್ಟುಬಿಡಲಿ ಎಂದು ಉತ್ಸಾಹಿಗಳು ಹೇಳಬಹುದು. ಬೇಡ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿಕಿಪೀಡಿಯಕ್ಕೆ ಲೇಖನ ಬರೆಸುವ ಕಾರ್ಯಕ್ರಮ ದೊಡ್ಡ ಪ್ರಮಾಣದಲ್ಲಿ ನಡೆದು, ವಿದ್ಯಾರ್ಥಿಗಳು ಪುಸ್ತಕಗಳಿಂದ ಎತ್ತಿ ತುಂಬಿದ್ದರಿಂದ ಸ್ವಯಂಸೇವಕರು ಅಳಿಸಿ ಅಳಿಸಿ ಸೋತು, ಅದನ್ನು ನಿಲ್ಲಿಸಬೇಕಾಯಿತು. ಅಂಕಕ್ಕಾಗಿ ನೂರು ಜನರನ್ನು ಒಮ್ಮೆಲೇ ನುಗ್ಗಿಸಿದರೆ ಹೊರೆ ಬೀಳುವುದು ಆಚೆ ಕಡೆ ಪುಕ್ಕಟೆ ಕೂತು ಓದುವವರ ಮೇಲೆ. 2009ರಲ್ಲಿ ಆರಂಭವಾದ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗ್ನೂ ಲಿನಕ್ಸ್ ಬಳಕೆದಾರರ ಗುಂಪುಗಳನ್ನು ಕಟ್ಟಿದ ರೀತಿ ವಾಸಿ: ಇಷ್ಟಪಟ್ಟು ಬಂದ ಕೆಲವರು, ವಾರಕ್ಕೊಮ್ಮೆ ಸೇರುವ ಒಂದು ಲ್ಯಾಬು. ಹಾವೇರಿ ಜಿಲ್ಲೆಯಲ್ಲಿ ಅಂಥದ್ದಕ್ಕೆ ಬೇಕಾದ ಎಲ್ಲವೂ ಇದೆ. ಎಂಜಿನಿಯರಿಂಗ್ ಕಾಲೇಜುಗಳಿವೆ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಹಳೆಯ ಫಾಂಟಿನ ಪಠ್ಯವಂತೂ ಊರೂರಲ್ಲಿದೆ. ಆದ್ದರಿಂದ ಕಂಪ್ಯೂಟರ್ ಸೈನ್ಸ್ ವಿಭಾಗದ ಮುಖ್ಯಸ್ಥರಲ್ಲಿ ಒಂದೇ ಕೋರಿಕೆ. ಅಂತಿಮ ವರ್ಷದ ಪ್ರಾಜೆಕ್ಟ್ ಪಟ್ಟಿಗೆ ಸಹಿ ಹಾಕುವಾಗ, ಕೇಳಿಕೊಂಡು ಬಂದ ಒಂದು ತಂಡಕ್ಕಾದರೂ ಹೊಸದೇನನ್ನೂ ಕಟ್ಟದೆ, ಈಗಾಗಲೇ ಇರುವ ಕನ್ನಡ ಸಾಧನವೊಂದನ್ನು ದುರಸ್ತಿ ಮಾಡುವ ಅನುಮತಿ ಕೊಡಿ. ಪ್ಯಾಚ್ ಸ್ವೀಕಾರವಾಗದಿದ್ದರೂ, ಅವರು ಬರೆದ ದೂರು ಮತ್ತು ಪರೀಕ್ಷೆಗಳನ್ನು ಓದಿ ಅಂಕ ಹಾಕಿ.